ಡೈರೆಕ್ಟ್ ಕೊಡದವನು

ಅವನ ಎಡಗಿವಿ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಒಳಕ್ಕೆ ಮುದುರಿಕೊಂಡಿತ್ತು. ಹುಟ್ಟುತ್ತಲೇ ಹಾಗಂತೆ. ಆ ಕಡೆಯಿಂದ ಅವನಿಗೆ ಏನೂ ಕೇಳುತ್ತಿರಲಿಲ್ಲ. ಡಯಾಲಿಸಿಸ್ ರೂಮಿನಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಆ ಕಿವಿ ನಮ್ಮ ಕಡೆ, ಕೇಳುವ ಕಿವಿ ಮಿಷನ್ನುಗಳ ಕಡೆ. ನಾವು ಏನು ಕೇಳುವುದಿದ್ದರೂ ಎರಡು ಸಲ ಕೂಗಬೇಕು. ಮಿಷನ್ನು ಒಂದು ಸಲ ಕುಯ್ ಅಂದರೆ ಸಾಕು, ಎದ್ದು ನಿಂತಿರುತ್ತಿದ್ದ. ಇದು ನನಗೆ ಮೊದಲ ದಿನವೇ ಹಿಡಿಸಲಿಲ್ಲ.

ಆಗ ನಮ್ಮ ಯಜಮಾನರ ಎರಡೂ ಕಿಡ್ನಿ ಹೋಗಿ ವಾರಕ್ಕೆ ಮೂರು ದಿನ ರಕ್ತ ತೊಳೆಸಬೇಕು ಅಂತ ಆಗಿತ್ತು. ನಮ್ಮದು ನಂದಗುಡಿ ಕಡೆ ಹಳ್ಳಿ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಇವರನ್ನು ಬಸ್ಸು ಹತ್ತಿಸಿಕೊಂಡು ಹೊಸಕೋಟೆಗೆ ಹೋಗುತ್ತಿದ್ದೆ. ಅಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾಲ್ಕು ಮಿಷನ್ನು, ಅವುಗಳನ್ನು ನಡೆಸುವವನು ಈ ಟೆಕ್ನಿಷಿಯನ್. ಬರುವವರೆಲ್ಲ ಅವನನ್ನು ಮಿಷನ್ನಪ್ಪ ಅನ್ನುತ್ತಿದ್ದರು. ನಲವತ್ತರ ಆಚೀಚೆ ವಯಸ್ಸು. ಮಾತು ಮೆತ್ತಗಿರಲಿಲ್ಲ. ತೂಕ ನೋಡುವ ತಕ್ಕಡಿ ಮೇಲೆ ಇವರನ್ನು ನಿಲ್ಲಿಸಿ, ಮುಳ್ಳು ನೋಡಿ, "ಏನ್ ಗೌಡ್ರೇ, ಬೋರ್‌ವೆಲ್‌ಗೇ ಬಾಯಿ ಹಾಕ್ಬಿಟ್ರಾ?" ಅನ್ನುವನು. ನೀರು ಕಡಿಮೆ ಕುಡಿಯಬೇಕು ಅಂತ ಕಟ್ಟಪ್ಪಣೆ. ಕದ್ದು ಕುಡಿದದ್ದೆಲ್ಲ ತಕ್ಕಡಿಯಲ್ಲಿ ಗೊತ್ತಾಗಿಬಿಡುತ್ತಿತ್ತು. ಇವರು ನನ್ನ ಮುಖ ನೋಡುವರು, ನಾನು ಕಿಟಕಿ ನೋಡುವೆನು.

ಮಿಷನ್ನು ಯಾಕೆ ಅಷ್ಟು ಕೂಗುತ್ತದೆ ಅಂತ ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಇವರು ನಿದ್ದೆಯಲ್ಲಿ ಮಗ್ಗುಲಾಗಿ ಕೈಗೆ ಹಾಕಿದ್ದ ಟ್ಯೂಬನ್ನು ಜಗ್ಗಿದರು. ಎಲ್ಲೋ ಒಂದು ಕಡೆ ಸಡಿಲವಾಯಿತು. ಮಿಷನ್ನು ಕಿರುಚಿಕೊಂಡು ನಿಂತೇಬಿಟ್ಟಿತು. ಅವನು ಓಡಿ ಬಂದು ಸಡಿಲವಾದದ್ದನ್ನು ಬಿಗಿ ಮಾಡಿ ನನ್ನನ್ನು ಹತ್ತಿರ ಕರೆದ.

"ಬನ್ನಿಲ್ಲಿ ಅಮ್ಮ. ಈ ಟ್ಯೂಬ್ ನೋಡಿ. ನೊರೆ ಕಾಣ್ತಾ?"

ಕೆಂಪು ರಕ್ತದ ನಡುವೆ ಬೆಳ್ಳಗೆ ನೊರೆ ನಿಂತಿತ್ತು.

"ಅದು ಗಾಳಿ. ರಕ್ತದ ಜೊತೆ ಒಳಕ್ಕೆ ಹೋಗಿದ್ರೆ ಮನುಷ್ಯ ಉಳಿಯಲ್ಲ. ಈ ಸೆನ್ಸರ್ ಇದೆಯಲ್ಲ, ಟ್ಯೂಬನ್ನ ಕಚ್ಕೊಂಡಿರೋದು, ಇದು ಗಾಳಿ ಬಂತು ಅಂತ ಹೇಳುತ್ತೆ. ಹೇಳಿದ ತಕ್ಷಣ ಕೆಳಗಡೆ ಈ ಕ್ಲಿಪ್ಪು ಟ್ಯೂಬನ್ನ ಅದುಮಿಬಿಡುತ್ತೆ. ನಾನು ಬರೋದು ಆಮೇಲೆ."

"ನೀನು ಬರೋದು ತಡ ಆದ್ರೆ?"

"ಆದ್ರೂ ಪರವಾಗಿಲ್ಲ. ಅದು ಹಿಡ್ಕೊಂಡಿರುತ್ತೆ."

ಅವತ್ತಿನಿಂದ ಮಿಷನ್ನು ಕೂಗಿದರೆ ನನಗೆ ಸಿಟ್ಟು ಬರುವುದು ನಿಂತಿತು. ಅವನ ಮೇಲಿನ ಸಿಟ್ಟು ಹಾಗೇ ಇತ್ತು, ಅದು ಬೇರೆ. ನನ್ನ ಚಪ್ಪಲಿ ಬಿಡಿಸುವುದು, ಕೈ ತೊಳೆಸುವುದು, ಕಿಡ್ನಿ ಹೋದವರಿಗೆ ಆಗದು ಅಂತ ಬಾಳೆಹಣ್ಣು ಕಸಿದುಕೊಳ್ಳುವುದು ಅವನು ನಿಲ್ಲಿಸಲಿಲ್ಲ.

ಈಗ ನಮ್ಮ ಯಜಮಾನರ ವಿಷಯ ಹೇಳಬೇಕು. ಇವರು ಊರಿನಲ್ಲಿ ಮೋಟರು ಸ್ಟಾರ್ಟರು ಅಂದರೆ ಮುಂದೆ ನಿಲ್ಲುವವರು. ನಮ್ಮ ಕಡೆ ಪಂಪಿನ ಸ್ಟಾರ್ಟರಿನಲ್ಲಿ ಒಂದು ಏರ್ಪಾಡು ಇರುತ್ತದೆ. ಕರೆಂಟು ಸರಿಯಾಗಿ ಬರದಿದ್ದರೆ ಮೋಟರು ಸುಡದ ಹಾಗೆ ತಾನೇ ಆಫ್ ಆಗಿ ಬಿದ್ದುಬಿಡುತ್ತದೆ. ಆದರೆ ರಾಗಿ ಪೈರು ಒಣಗುತ್ತಿರುವಾಗ ಅದನ್ನು ಯಾರು ಕೇಳುತ್ತಾರೆ? ಬಟನ್ನಿಗೆ ಒಂದು ಕಡ್ಡಿ ಸಿಕ್ಕಿಸುವುದು, ಇಲ್ಲ ಒಳಗೆ ಒಂದು ತುಂಡು ವೈರು ಹಾಕುವುದು. ಇದಕ್ಕೆ ಡೈರೆಕ್ಟ್ ಕೊಡುವುದು ಅಂತ ಹೆಸರು. ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಮೋಟರು ಸುಟ್ಟರೆ ಕಾಯಿಲ್ ಸುತ್ತಿಸುತ್ತಾರೆ, ಮತ್ತೆ ಡೈರೆಕ್ಟ್ ಕೊಡುತ್ತಾರೆ. ಇವರಿಗೆ ಅದರಲ್ಲಿ ದೊಡ್ಡ ಹೆಸರು.

ಆ ವರ್ಷ ಆಯುಧಪೂಜೆಯ ಸಂಜೆ ಇವರ ಸರದಿಯೇ ಕೊನೆಯದು. ಮುಗಿದ ಮೇಲೆ ಆಸ್ಪತ್ರೆಯವರು ಪೂಜೆ ಇಟ್ಟುಕೊಂಡಿದ್ದರು. ಟೆಕ್ನಿಷಿಯನ್ ನಾಲ್ಕೂ ಮಿಷನ್ನಿನ ನೆತ್ತಿಯ ಮೇಲೆ ಒಂದೊಂದು ಕುಂಕುಮದ ಬೊಟ್ಟು ಇಟ್ಟು, ಮೇಲೊಂದು ಸೇವಂತಿಗೆ ಹೂ ಇಟ್ಟು, "ಅಷ್ಟೇ, ಬೇರೆ ಎಲ್ಲೂ ಮುಟ್ಟಬೇಡಿ" ಅಂದು ಕುಂಬಳಕಾಯಿ ಒಡೆಯಲು ಹೊರಗೆ ಹೋದ. ನಾನೂ ನೋಡಲು ಹೋದೆ, ಇವರು ಒಳಗೇ ಉಳಿದರು. ಮಾರನೆಯ ದಿನ ಹಬ್ಬಕ್ಕೆ ರಜೆ. ಇವರು ಮನೆಯಲ್ಲಿ ಒಬ್ಬಟ್ಟು ತಿಂದರು, ಪಾಯಸ ಕುಡಿದರು, ಚೊಂಬಿನಲ್ಲಿ ನೀರು ಕುಡಿದರು. ಬೇಡ ಅಂದದ್ದಕ್ಕೆ, "ಹಬ್ಬದ ದಿನಾನೂ ಸಾಯ್ಬೇಕೇನೇ?" ಅಂದರು.

ಅದರ ಮಾರನೆಯ ಬೆಳಿಗ್ಗೆ ಇವರ ಕಾಲು ಊದಿತ್ತು, ಮುಖ ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಸ್ಸಿನಲ್ಲಿ ಆಗದು ಅಂತ ನನ್ನ ಮೈದುನ ಕಾರು ತಂದ. ಹೊಸಕೋಟೆ ತಲುಪಿದಾಗ ಮೂರು ಮಿಷನ್ನಿಗೆ ಆಗಲೇ ಜನ ಹತ್ತಿದ್ದರು. ನಾಲ್ಕನೆಯದು ಇವರದು. ಟೆಕ್ನಿಷಿಯನ್ ಅದರ ಮುಂದೆ ಮಂಡಿಯೂರಿ ಕೂತಿದ್ದ, ಮಿಷನ್ನು ಕೂಗುತ್ತಿತ್ತು.

ಗಾಳಿ ಕಂಡುಹಿಡಿಯುವ ಆ ಸೆನ್ಸರಿನ ಬಾಯಿಯ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಒಳಗೆಲ್ಲ ಇಳಿದು ಒಣಗಿ ಕೂತಿತ್ತು.

"ಯಾರು ಮಾಡಿದ್ದು ಇದು?" ಅಂದ.

"ನಾನೇ ಕಣಯ್ಯ," ಅಂದರು ನಮ್ಮ ಯಜಮಾನರು, ಏದುಸಿರಿನಲ್ಲೇ. "ನನ್ ಜೀವ ಕಾಯೋದು ಇದು ತಾನೆ? ನೀನು ಕಾಟಾಚಾರಕ್ಕೆ ನೆತ್ತಿಗೊಂದು ಬೊಟ್ಟಿಟ್ಟು ಹೋದೆ. ನಾನು ನೆಟ್ಟಗೆ ಪೂಜೆ ಮಾಡ್ದೆ."

ಅವನು ಎದ್ದು ಹೋದ. ಸ್ಪಿರಿಟ್ಟು, ಹತ್ತಿ ತಂದು ಉಜ್ಜಿದ. ಮಿಷನ್ನು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಮತ್ತೆ ಕೂಗಿತು. ಮತ್ತೆ ಉಜ್ಜಿದ, ಮತ್ತೆ ಕೂಗಿತು. ಇದನ್ನು ಕಂಪನಿಯವರೇ ಬಂದು ಬಿಚ್ಚಬೇಕು, ಬರುವುದು ಸಾಯಂಕಾಲ ಆಗುತ್ತದೆ ಅಂದ. ಡಾಕ್ಟರು ಬಂದು ನೋಡಿ ಆಕ್ಸಿಜನ್ ಹಾಕಿಸಿದರು. ಬೆಂಗಳೂರಿಗೆ ಎರಡು ಕಡೆ ಫೋನು ಮಾಡಿದರು, ಎಲ್ಲೂ ಮಿಷನ್ನು ಖಾಲಿ ಇರಲಿಲ್ಲ. ಇಲ್ಲೇ ಯಾವುದಾದರೂ ಒಂದು ಬಿಡುವಾಗುವವರೆಗೆ ಕೂರಿಸಿಯೇ ಇಟ್ಟುಕೊಳ್ಳಿ ಅಂದು ಕೆಳಗೆ ಹೋದರು.

ಇವರ ತುಟಿ ನೀಲಿಗೆ ತಿರುಗುತ್ತಿತ್ತು. ಮೂಗಿನ ಮೇಲಿನ ಮಾಸ್ಕು ಎತ್ತಿ, "ಲೇ, ಆ ಸೆನ್ಸರ್ ತಪ್ಪಿಸೋ. ಡೈರೆಕ್ಟ್ ಕೊಡು," ಅಂದರು.

"ಆಗಲ್ಲ ಗೌಡ್ರೇ."

"ಬರಲ್ವಾ ನಿಂಗೆ? ಬರದಿದ್ರೆ ಹೇಳು, ನಾನು ಹೇಳ್ಕೊಡ್ತೀನಿ."

"ಬರುತ್ತೆ. ಮಾಡಲ್ಲ."

ಮೈದುನ ಮುಂದೆ ಬಂದ. ಅವನು ಗದ್ದಲದ ಮನುಷ್ಯ, ಊರಲ್ಲಿ ಪಂಚಾಯ್ತಿ ಓಡಾಟ. "ನೋಡಪ್ಪ, ನಮ್ಮಣ್ಣಂಗೆ ಏನಾದ್ರೂ ಆದ್ರೆ ನೀನು ಹೊಸಕೋಟೆ ದಾಟಲ್ಲ. ನಾನೇ ಹೇಳ್ತಾ ಇದೀನಿ, ಡೈರೆಕ್ಟ್ ಕೊಡು. ಬೇಕಾದ್ರೆ ಬರ್ಕೊಡ್ತೀನಿ."

"ನೀವು ಬರ್ಕೊಟ್ರೆ ಗಾಳಿ ಓದ್ಕೊಂಡು ವಾಪಸ್ ಹೋಗುತ್ತಾ ಸ್ವಾಮಿ?"

ಮೈದುನ ಅವನ ಕೊರಳಪಟ್ಟಿಗೆ ಕೈ ಹಾಕಿದ. ನಾನು ಬಿಡಿಸಲಿಲ್ಲ. ನನ್ನ ಕಣ್ಣು ಇವರ ತುಟಿಯ ಮೇಲಿತ್ತು. ಟೆಕ್ನಿಷಿಯನ್ ಆ ಕೈ ಕೊಡವಿ, ಇವರ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟು ನೆಟ್ಟಗೆ ಕೂರಿಸಿದ. ಹಾಗಾದರೆ ಪಕ್ಕದವರನ್ನು ಬಿಚ್ಚು ಅಂದ ಮೈದುನ. "ಅವರ ಹೊತ್ತು ಅವರದ್ದು. ನಾನು ಕಿತ್ಕೊಳ್ಳಲ್ಲ," ಅಂದ.

ಪಕ್ಕದ ಮಿಷನ್ನಿನಲ್ಲಿ ಜಡಿಗೇನಹಳ್ಳಿ ಕಡೆಯ ಒಬ್ಬ ಆಟೋದವನು ಮಲಗಿದ್ದ. ಅವನೇ ತಲೆ ಎತ್ತಿದ. "ಏ ಮಿಷನ್ನಪ್ಪ, ನನ್ನ ಬಿಚ್ಚು ಗುರು. ನಾನು ಹಬ್ಬಕ್ಕೆ ಬಾಯಿ ಕಟ್ಟಿದೀನಿ, ನೀರು ಜಾಸ್ತಿ ಇಲ್ಲ. ಈ ಗೌಡ್ರ ಕೂಗಾಟ ಕೇಳಿ ಕೇಳಿ ನಂಗೆ ಬಿಪಿ ಏರ್ತಾ ಇದೆ."

ಟೆಕ್ನಿಷಿಯನ್ ಡಾಕ್ಟರನ್ನು ಫೋನಿನಲ್ಲಿ ಕೇಳಿದ. ಆಗಲಿ ಅಂದರು. ಅಷ್ಟಾದ ಮೇಲೂ ಆ ಮಿಷನ್ನನ್ನು ತೊಳೆಯದೆ ಇವರನ್ನು ಹತ್ತಿಸಲಿಲ್ಲ. ತೊಳೆಯುವುದಕ್ಕೆ ಅದರದ್ದೇ ಹೊತ್ತು ಬೇಕು. ಆ ಹೊತ್ತಿನಲ್ಲಿ ಇವರು ಬೈಯುವುದನ್ನೂ ನಿಲ್ಲಿಸಿದ್ದರು. ಬೈಗುಳ ನಿಂತಾಗಲೇ ನಾನು ಇವರ ಕೈ ಗಟ್ಟಿಯಾಗಿ ಹಿಡಿದುಕೊಂಡದ್ದು. ಮೈದುನ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಟೆಕ್ನಿಷಿಯನ್ ಮಿಷನ್ನನ್ನೂ ಇವರನ್ನೂ ನೋಡುತ್ತಿದ್ದ, ನಮ್ಮ ಕಡೆ ನೋಡಲೇ ಇಲ್ಲ.

ಇವರು ಹತ್ತಿದರು. ಸಂಜೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು. ಬಂದ ಕೂಡಲೇ ಮತ್ತೆ ಬೈದರು.

ನಾನು ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕೂತು ಬೆಳಗಿನ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದ. ಅನ್ನ ಕಲಸುವುದು, ಎದ್ದು ಬಾಗಿಲಿಂದ ಇವರನ್ನು ಇಣುಕುವುದು, ಮತ್ತೆ ಬಂದು ಕೂರುವುದು; ಬಾಯಿಗೆ ಒಂದು ಅಗುಳೂ ಹೋಗಿರಲಿಲ್ಲ. ಕೇಳುವ ಕಿವಿಯ ಕಡೆ ಹೋಗಿ ಕೂತೆ.

"ಇಷ್ಟು ಹೆದರಿಕೆ ಇದ್ದೋನು ಯಾಕಪ್ಪ ಹಟ ಮಾಡ್ದೆ?" ಅಂತ ಕೇಳಿದೆ.

"ಒಂದ್ಸಲ ಕೊಟ್ರೆ ಕೈಗೆ ರೂಢಿ ಆಗ್ಬಿಡುತ್ತಮ್ಮ. ನಾಳೆ ಯಾರೂ ಕೇಳ್ದೆ ಇದ್ರೂ ನಾನೇ ಕೊಡ್ತೀನಿ. ಹೊತ್ತಾಯ್ತು ಅಂತ ಕೊಡ್ತೀನಿ, ಊಟಕ್ಕೆ ಹೋಗ್ಬೇಕು ಅಂತ ಕೊಡ್ತೀನಿ." ಆಮೇಲೆ, "ಗೌಡ್ರು ಹೋಗ್ಬಿಡ್ತಾರೆ ಅಂತ್ಲೇ ಅಂದ್ಕೊಂಡಿದ್ದೆ," ಅಂದ.

"ನಾನೂ," ಅಂದೆ. "ತಿನ್ನು, ಹಳಸೋಗುತ್ತೆ."

ಅವತ್ತು ಡೈರೆಕ್ಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಯಾರಿಗೂ ಗೊತ್ತಿಲ್ಲ. ಏನೂ ಆಗುತ್ತಿರಲಿಲ್ಲ ಅಂತ ನನ್ನ ಮೈದುನ ಈಗಲೂ ಹೇಳುತ್ತಾನೆ. ಇರಬಹುದು. ಕಾದದ್ದರಿಂದಲೇ ಇವರು ಸಾಯಬಹುದಿತ್ತು, ಅದೂ ನಿಜ. ನಾನು ಆ ನೊರೆ ಕಣ್ಣಾರೆ ನೋಡಿದ್ದವಳು. ಆದ್ದರಿಂದ ನಾನು ಆ ವಾದಕ್ಕೆ ಹೋಗುವುದಿಲ್ಲ. ನಮ್ಮ ಯಜಮಾನರು ಅವನ ಜೊತೆ ಹತ್ತಿರ ಹತ್ತಿರ ಒಂದು ವರ್ಷ ಮಾತು ಬಿಟ್ಟಿದ್ದರು. ಅವನಿಗೆ ಅದು ಗೊತ್ತಾದ ಹಾಗೆಯೇ ಕಾಣಲಿಲ್ಲ. ತಕ್ಕಡಿಯ ಮುಳ್ಳು ನೋಡಿ ಬೈಯುವುದನ್ನು ಮುಂದುವರಿಸಿದ. ಮುಂದಿನ ಆಯುಧಪೂಜೆಗೆ ಇವರ ಎರಡೂ ಕೈಗೆ ಒಂದೊಂದು ಬಾಳೆಹಣ್ಣಿನ ಸಿಪ್ಪೆ ಕೊಟ್ಟು, "ಇದನ್ನ ಹಿಡ್ಕೊಂಡು ಇಲ್ಲೇ ಕೂತಿರಿ ಗೌಡ್ರೇ, ಪೂಜೆ ಮುಗಿಯೋವರ್ಗೂ ಕೈ ಖಾಲಿ ಬಿಡ್ಬೇಡಿ," ಅಂದ. ಇವರು ನಕ್ಕುಬಿಟ್ಟರು. ಮಾತು ಶುರುವಾಯಿತು.

ಹೋದ ವರ್ಷ ಅವನು ತೀರಿಹೋದ. ಡ್ಯೂಟಿ ಮುಗಿಸಿ ಮನೆಗೆ ಹೋಗಿ ಎದೆ ನೋವು ಅಂದನಂತೆ, ಆಸ್ಪತ್ರೆ ಮುಟ್ಟಲಿಲ್ಲ. ಇಷ್ಟು ಜನರನ್ನು ಸಾವಿನ ಬಾಯಿಂದ ಎಳೆದು ತಂದವನು ತಾನು ಅಷ್ಟು ಬೇಗ ಹೋದ. ಅದಕ್ಕೆ ಅರ್ಥ ಹುಡುಕುವ ಅಭ್ಯಾಸ ನನಗಿಲ್ಲ.

ತಿಥಿಯ ದಿನ ಅವನ ಮನೆಗೆ ಒಬ್ಬಳೇ ಹೋದೆ. ಸಣ್ಣ ಮನೆ, ಮುಂದೆ ಶಾಮಿಯಾನ. ಬಂದವರೆಲ್ಲ ಅವನ ಹೆಂಡತಿಯ ಮುಂದೆ ಕೂತು, ನಮಗೆ ಅದು ಮಾಡಿಕೊಟ್ಟ, ಇದು ಮಾಡಿಕೊಟ್ಟ ಅಂತ ಅಳುತ್ತಿದ್ದರು. ನನ್ನ ಸರದಿ ಬಂತು. ನನಗೆ ಅಳು ಬರಲಿಲ್ಲ.

"ನೀವು ಯಾರಮ್ಮ?" ಅಂದಳು.

"ನಂದಗುಡಿ ಕಡೆಯೋಳು. ನಮ್ಮನೆಯವ್ರು ಏನೋ ಕೇಳಿದ್ರು, ನಿಮ್ಮೆಜಮಾನ್ರು ಕೊಡಲ್ಲ ಅಂದ್ರು."

ಅವಳು ನನ್ನ ಮುಖವನ್ನೇ ನೋಡಿದಳು. "ವಿಭೂತಿ ಗೌಡ್ರ ಮನೆಯೋರಾ?"

ಮನೆಯಲ್ಲಿ ಹೇಳಿಕೊಂಡಿದ್ದ ಅಂತ ಆಗ ಗೊತ್ತಾಯಿತು. ಹೂಂ ಅಂದೆ.

"ಗೌಡ್ರು ಬರ್ಲಿಲ್ವಾ?"

"ಇವತ್ತು ಅವರ ದಿನ ಕಣಮ್ಮ. ಮಿಷನ್ ಮೇಲಿದಾರೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಳ್ಳೇದಾಯ್ತು ಬಿಡಿ," ಅಂದಳು. "ಅದನ್ನ ತಪ್ಪಿಸ್ಕೊಂಡು ಇಲ್ಲಿಗೆ ಬಂದಿದ್ರೆ ನಮ್ಮನೆಯವ್ರು ಬೈತಿದ್ರು."