ದಾರಿಗೆ ವಾಯಿದೆ ಇಟ್ಟ ಸೊಸೆ

ಸೊಸೆ ಮೊಬೈಲ್ ರಿಪೇರಿ ಮಾಡುತ್ತಿದ್ದಳು, ಮಾವ ಜನರನ್ನು ಅಳಿವೆ ದಾಟಿಸುತ್ತಿದ್ದರು. ನದಿ ಸಮುದ್ರ ಸೇರುವ ಆ ಜಾಗದಲ್ಲಿ ನೀರು ಇಳಿದಾಗ ಮೈಲಿಯುದ್ದ ಮರಳು ತೆರೆದುಕೊಳ್ಳುತ್ತದೆ. ಮೂರು ಗಂಟೆಯ ಮಟ್ಟಿಗೆ ಆಚೆಯ ನಡುಗಡ್ಡೆಗೆ ನಡೆದೇ ಹೋಗಬಹುದು. ಆದರೆ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದು ಮಾವನೊಬ್ಬರಿಗೇ ಗೊತ್ತಿತ್ತು.

ಅವರಿಗೆ ಎಪ್ಪತ್ತು ದಾಟಿ ಮೊಣಕಾಲು ಕೈಕೊಡತೊಡಗಿದಾಗ ಸೊಸೆ ಯೋಚನೆಗೆ ಬಿದ್ದಳು. ಅವರು ನಡೆಯುವ ದಾರಿಯನ್ನು ಫೋನಿನ ನಕ್ಷೆಯ ಮೇಲೆ ಗುರುತಿಸಿ ಉಳಿಸಿಕೊಳ್ಳುವ ಆಪ್ ಮಾಡಿದರೆ? ಒಡೆದ ಸ್ಕ್ರೀನುಗಳ ರಾಶಿಯ ನಡುವೆ ಕೂತು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ವಿಡಿಯೋ ಪಾಠ ನೋಡಿ ಕಲಿತಳು. ಎಂಟು ತಿಂಗಳು ಹಿಡಿಯಿತು. ಮೊದಮೊದಲು ಮಾವನ ಕೈಗೆ ಫೋನ್ ಕೊಟ್ಟು ಊರೊಳಗೆ ನಡೆಸಿ ನೋಡಿದಾಗ, ಸ್ಕ್ರೀನ್ ಆರಿದೊಡನೆ ಆಪ್ ನಿದ್ದೆ ಹೋಗುತ್ತಿತ್ತು. ಎಚ್ಚರವಾದಾಗ ಮಧ್ಯದ ತಿರುವುಗಳನ್ನೆಲ್ಲ ನುಂಗಿ ನೆಟ್ಟಗೊಂದು ಗೆರೆ ಎಳೆದುಬಿಡುತ್ತಿತ್ತು.

"ನಿನ್ನ ಫೋನ್ ಪ್ರಕಾರ ನಾನು ದರ್ಜಿ ಮನೆ ಅಡುಗೆಕೋಣೆ ಹೊಕ್ಕು ಬಂದಿದ್ದೀನಿ," ಎಂದು ಮಾವ ನಕ್ಕರು. "ಅವನ ಹೆಂಡ್ತಿಗೆ ಏನಂತ ಹೇಳ್ಲಮ್ಮ?"

ಅವಳಿಗೆ ನಗು ಬರಲಿಲ್ಲ. ಅದು ಸರಿಹೋಗುವವರೆಗೂ ರಾತ್ರಿಯೆಲ್ಲ ಕೂತು ತಿದ್ದಿದಳು. ಕೊನೆಗೆ ಐದು ಸೆಕೆಂಡಿಗೊಂದು ಚುಕ್ಕೆ ತಪ್ಪದೆ ಬಿದ್ದು, ಅಳಿವೆಯ ದಾರಿ ನೀಲಿ ಗೆರೆಯಾಗಿ ಉಳಿಯಿತು. ಅದನ್ನು ಮೊದಲು ಕೊಟ್ಟದ್ದು ನರ್ಸಮ್ಮನಿಗೆ. ಅವರು ವಾರಕ್ಕೊಮ್ಮೆ ಮಾವನ ಬೆನ್ನ ಹಿಂದೆ ನಡೆದು ನಡುಗಡ್ಡೆಗೆ ಹೋಗಿ, ಮಕ್ಕಳಿಗೆ ಲಸಿಕೆ ಹಾಕಿ, ಮಾರನೆಯ ದಿನ ಮರಳುತ್ತಿದ್ದರು.

"ಗೆರೆ ಬಿಡದೆ ನಡೆದ್ರೆ ಸಾಕು ನರ್ಸಮ್ಮ," ಎಂದಿದ್ದಳು ಸೊಸೆ.

ಐದು ವಾರ ಕಳೆದ ಮೇಲೆ ಮಾವನ ಮೊಣಕಾಲು ಊದಿ ಅವರು ಹಾಸಿಗೆ ಹಿಡಿದರು. ನರ್ಸಮ್ಮ ಒಬ್ಬರೇ ಹೊರಟರು. ಅಂಗಡಿ ಮುಂದೆ ಹಾಯುವಾಗ ಫೋನ್ ಎತ್ತಿ ತೋರಿಸಿದರು. ಹೆಮ್ಮೆಯಿಂದ ಬೀಗಿದ ಸೊಸೆ, ಒಳಗೆ ಮಾವನಿಗೆ ಊಟ ಬಡಿಸುತ್ತ ಆ ಸುದ್ದಿ ಹೇಳಿದಳು.

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಯಾವತ್ತಿನ ದಾರಿ ಅದು?"

"ಹೋದ ತಿಂಗಳದು, ಮಾವ."

"ಅಯ್ಯೋ! ನಡು ಕಾಲುವೆ ಸರಿದು ಹತ್ತು ದಿನ ಆಯ್ತಲ್ಲಮ್ಮ. ಹೋದ ವಾರ ನಾನು ಬಳಸಿ ಕರ್ಕೊಂಡು ಹೋದದ್ದು ಅವ್ರಿಗೆ ಗೊತ್ತಾಗಿರಲ್ಲ. ಆಗ ಮರಳಿದ್ದ ಕಡೆ ಈಗ ಹೂಳು. ಇಳಿದ್ರೆ ಸೊಂಟದವರೆಗೂ ಎಳ್ಕೊಳ್ಳುತ್ತೆ. ನೀರು ಏರೋಕೆ ಇನ್ನೊಂದು ಗಂಟೆನೂ ಇಲ್ಲ!"

ಅವಳು ನರ್ಸಮ್ಮನಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ದೋಣಿ ಬರಲು ಅಳಿವೆಯಲ್ಲಿ ನೀರಿರಲಿಲ್ಲ. ಮಾವ ಕೋಲು ಹಿಡಿದು ಎದ್ದವರು ಎರಡೇ ಹೆಜ್ಜೆಗೆ ಗೋಡೆ ಹಿಡಿದರು.

"ನಾನು ಹೋಗ್ತೀನಿ. ನೀವು ಫೋನಲ್ಲೇ ದಾರಿ ಹೇಳಿ," ಎಂದವಳೇ ಅಂಗಡಿಯ ಬಾಗಿಲ ಹಲಗೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು.

ಮರಳಿನ ಮಧ್ಯೆ ತಲುಪುವಾಗ ಉಸಿರು ಕಟ್ಟುತ್ತಿತ್ತು. ಕೈಯಲ್ಲಿದ್ದ ಫೋನಿನಲ್ಲಿ ನೀಲಿ ಗೆರೆ ನೇರ ಮುಂದಕ್ಕೆ ಹೋಗುತ್ತಿತ್ತು.

"ಕಾಲ ಕೆಳಗೆ ಮರಳು ಸುಕ್ಕುಸುಕ್ಕಾಗಿದ್ಯಾ?" ಮಾವನ ದನಿ.

"ಇಲ್ಲಿ ಇದೆ. ಮುಂದೆ ಕನ್ನಡಿ ತರ ಹೊಳೀತಿದೆ."

"ಅದೇ ಹೂಳು. ಎಡಕ್ಕೆ ತಿರುಗು. ಗೆರೆ ಬಿಟ್ಬಿಡು!"

ಎಂಟು ತಿಂಗಳು ಜೀವ ತೇಯ್ದು ಎಳೆದ ಗೆರೆ. ಅದನ್ನು ಬಿಟ್ಟು ಅವಳು ಎಡಕ್ಕೆ ಹೆಜ್ಜೆಯಿಟ್ಟಳು. ಸ್ವಲ್ಪ ದೂರದಲ್ಲಿ ನರ್ಸಮ್ಮ ಕಂಡರು. ತೊಡೆಯವರೆಗೂ ಹೂತುಹೋಗಿ, ಲಸಿಕೆಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು ನಿಂತಿದ್ದರು.

"ಅಲ್ಲಾಡ್ಬೇಡಿ!" ಸೊಸೆ ಗಟ್ಟಿ ಮರಳಿನಿಂದ ಹಲಗೆಯನ್ನು ಅವರತ್ತ ತಳ್ಳಿ, ಅದರ ಮೇಲೆ ಬೋರಲು ಮಲಗಿದಳು.

"ಮೊದ್ಲು ಪೆಟ್ಟಿಗೆ ತಗೋ."

"ಪೆಟ್ಟಿಗೆ ಹಾಳಾಗಿ ಹೋಗ್ಲಿ, ಕೈ ಕೊಡಿ!"

"ತಗೋ ಅಂದ್ರೆ ತಗೋ!"

ಪೆಟ್ಟಿಗೆ ತೆಗೆದುಕೊಂಡಳು. ಆಮೇಲೆ ಕೈ ಹಿಡಿದು ಎಳೆದಳು. ಹೂಳು ಒಂದು ಕಾಲನ್ನು ಬಿಟ್ಟಿತು, ಇನ್ನೊಂದನ್ನು ಬಿಡಲೊಲ್ಲದು. ಅಷ್ಟರಲ್ಲಿ ತೆಳ್ಳಗೆ, ಸದ್ದಿಲ್ಲದೆ, ನೀರು ಹಲಗೆಯ ಅಂಚಿಗೆ ಬಂತು.

"ಮಾವ, ನೀರು!"

"ಗೊತ್ತು. ಮಾತು ಸಾಕು, ಎಳಿ."

ಮೈಯೆಲ್ಲ ಬಲ ಹಾಕಿ ಎಳೆದಾಗ ಇನ್ನೊಂದು ಕಾಲೂ ಕಿತ್ತು ಬಂತು. ಇಬ್ಬರೂ ದಡ ಸೇರುವ ಹೊತ್ತಿಗೆ ನೀರು ಸೊಂಟದವರೆಗೆ ಏರಿತ್ತು. ಪೆಟ್ಟಿಗೆ ಒಣಗೇ ಇತ್ತು. ನರ್ಸಮ್ಮ ಪೆಟ್ಟಿಗೆ ತೆರೆದು ನೋಡಿ ಮುಚ್ಚಿ, "ಕೋಪ ಇಲ್ಲ. ಆದ್ರೆ ಇವತ್ತು ನನ್ ಹತ್ರ ಮಾತಾಡ್ಬೇಡ," ಎಂದು ಎದ್ದು ಹೋದರು.

ಮನೆಗೆ ಬಂದವಳೇ ಉಳಿಸಿದ ದಾರಿಗಳನ್ನೆಲ್ಲ ಅಳಿಸಲು ಕೂತಳು. ಮಾವ ತಡೆದರು. "ಅವತ್ತಿಗೆ ಅದು ಸರಿಯಾದ ದಾರಿನೇ ಆಗಿತ್ತು. ಯಾವತ್ತಿನದು ಅಂತ ದೊಡ್ಡದಾಗಿ ಬರಿ, ಅಷ್ಟೇ."

ಈಗ ಆಪ್‌ನಲ್ಲಿ ಪ್ರತಿ ದಾರಿಗೂ ತಾರೀಖಿದೆ. ಏಳು ದಿನ ಕಳೆದರೆ ಗೆರೆ ತಾನಾಗಿ ಮಾಯವಾಗುತ್ತದೆ. ಮತ್ತೆ ಬೇಕೆಂದರೆ ಯಾರಾದರೂ ನಡೆದು ನೋಡಲೇಬೇಕು. ಆ ನಡಿಗೆ ಸೊಸೆಯದೇ ಆಗಿದೆ. ವಾರಕ್ಕೊಂದು ದಿನ ಅಂಗಡಿ ಮುಚ್ಚಿ, ಕೋಲು ಹಿಡಿದು ಮರಳಿಗೆ ಇಳಿಯುತ್ತಾಳೆ. ನರ್ಸಮ್ಮ ಆಪ್ ತೆರೆಯುವುದೇ ಇಲ್ಲ. ಅವಳು ಮುಂದೆ ನಡೆದರೆ ಮಾತ್ರ ಹೊರಡುತ್ತಾರೆ.