ವಾಷಿಂಗ್ ಮಿಷನ್ನಿಗೆ ಹೊದಿಸಿದ ಕಂಬಳಿ

ದೇವಲಾಪುರದಲ್ಲಿ ನೀರು ಹೆಪ್ಪುಗಟ್ಟುತ್ತದೆಯೇ?

ನಗಬೇಡಿ. ನನ್ನ ಭಾವನಿಗೆ ಹೋದ ಭಾನುವಾರದ ತನಕ ನಿಜಕ್ಕೂ ಆ ಭಯವಿತ್ತು.

ದೇವಲಾಪುರದ ಅಕ್ಕನ ಮನೆಯಲ್ಲಿ ಬಚ್ಚಲುಮನೆ ಕೆಡವಿ ಕಟ್ಟಿಸುತ್ತಿದ್ದಾರೆ. ಟೈಲ್ಸ್ ಕೆಲಸ ಮುಗಿಯುವ ತನಕ, ಅಂದರೆ ಈ ಚಳಿಗಾಲ ಪೂರ್ತಿ, ವಾಷಿಂಗ್ ಮಿಷನ್ನಿಗೆ ಕೊಟ್ಟಿಗೆ ಪಕ್ಕದ ಶೆಡ್ಡೇ ಗತಿ. ಶ್ರೀರಂಗಪಟ್ಟಣದಿಂದ ಹೋದ ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಭಾವ ಅದನ್ನು ತೋರಿಸಲು ಕರೆದುಕೊಂಡು ಹೋದರು. ಮಿಷನ್ನಿಗೆ ಸುತ್ತ ಗೋಣಿಚೀಲ, ಮೇಲೊಂದು ಕಂಬಳಿ. (ಅಕ್ಕನಿಗೆ ಇಷ್ಟು ಮುತುವರ್ಜಿಯಿಂದ ಹೊದಿಸಿದ್ದನ್ನು ನಾನಂತೂ ನೋಡಿಲ್ಲ.)

"ಒಳ್ಗೆ ನೀರು ನಿಂತಿರ್ತದೆ ಕಣವ್ವ. ಚಳೀಲಿ ಗಟ್ಟಿ ಆಗ್ಬುಟ್ರೆ ಪೈಪು, ಪಂಪು ಎಲ್ಲ ಒಡ್ದೋಯ್ತವೆ. ಫೋನ್ನಲ್ಲಿ ಯಾವನೋ ಬಿಳಿಯ ಪಸಂದಾಗಿ ತೋರಿಸ್ತಾವ್ನೆ."

"ಭಾವ, ಅದು ಹಿಮ ಬೀಳೋ ಊರಿಗೆ. ಇಲ್ಲಿ ನೀರು ಬಸಿದು, ಬಾಗಿಲು ತೆಗೆದಿಟ್ರೆ ಸಾಕು."

"ಬೆಳಿಗ್ಗೆ ಬಾಯಲ್ಲಿ ಹೊಗೆ ಬತ್ತದೆ ಇಲ್ಲಿ, ನಿಂಗೇನು ಗೊತ್ತು? ನೀರು ಗಟ್ಟಿ ಆಗ್ದಂಗೆ ಆ ಬಿಳಿಯ ಅದ್ಯಾವ್ದೋ ಔಷ್ದಿ ಉಯ್ದ. ನಮ್ಗೆಲ್ಲಿ ಸಿಕ್ತದೆ? ಟ್ರಾಕ್ಟರಿನ ಕೂಲೆಂಟ್ ಇತ್ತಲ್ಲ, ಅದ್ನೇ ಉಯ್ದು ಒಂದು ಸುತ್ತು ತಿರುಗ್ಸ್ಬುಟ್ಟೆ."

ರೇಡಿಯೇಟರಿಗೆ ಹಾಕುವ ಆ ಹಸಿರು ದ್ರವ ವಿಷ. ಅದೂ ಸಿಹಿಯಾದ ವಿಷ. ಪ್ರಾಣಿಗಳು ಬೇಡವೆನ್ನದೆ ಕುಡಿಯುತ್ತವೆ.

"ಹೊರಗೆ ಬಂದ ನೀರೆಲ್ಲಿ?"

"ಅಗೋ, ಬಕೀಟ್ನಲ್ಲಿ ಮಡಗಿವ್ನಿ."

ಬಕೀಟು ಖಾಲಿ.

ಅಕ್ಕನ ಮನೆಯಲ್ಲಿ ಅಕ್ಕಿ ತೊಳೆದ ನೀರು, ಗಂಜಿ, ಸೊಪ್ಪು ತೊಳೆದ ನೀರು ಯಾವುದೂ ಚರಂಡಿಗೆ ಹೋಗುವುದಿಲ್ಲ. ಸೋಪು ತಾಗದ ನೀರೆಲ್ಲ ಬೂಸಾ ಬೆರೆತು ಕಲಗಚ್ಚಾಗಿ ಹಸುವಿನ ಮುಂದೆ ಹೋಗುತ್ತದೆ. ನಮ್ಮ ಕಡೆ ಹಸು ಸಾಕಿದ ಯಾವ ಮನೆಯಲ್ಲಿ ಹಾಗಲ್ಲ, ಹೇಳಿ?

ಅಕ್ಕನನ್ನು ಕೂಗಿ ಕೇಳಿದೆ.

"ಅದಾ? ನೊರೆ ಇರ್ಲಿಲ್ಲ, ಹಸ್ರುಗಿತ್ತು. ಸೊಪ್ಪು ತೊಳ್ದಿರೋ ನೀರು ಅನ್ಕಂಡು ಬೂಸ ಕಲ್ಸಿ ಈಗ್ತಾನೆ ಕೆಂಪಿಗಿಟ್ಬಂದೆ."

ಕೆಂಪಿ ತುಂಬು ಗಬ್ಬದ ಹಸು. ಇವತ್ತೋ ನಾಳೆಯೋ ಎಂದು ಅಕ್ಕ ಕಾಯುತ್ತಿದ್ದಳು.

ಭಾವ ಓಡಿದ ಓಟ ನೋಡಬೇಕಿತ್ತು. ಪಂಚೆ ಎಲ್ಲೋ, ಅವರೆಲ್ಲೋ. ಕೆಂಪಿ ಆಗಲೇ ಟಬ್ಬಿಗೆ ಮೂತಿ ಇಟ್ಟಿತ್ತು. ಭಾವ ಒಂದೇ ಒದೆತಕ್ಕೆ ಟಬ್ಬನ್ನು ಉರುಳಿಸಿದರು.

ಪಶುವೈದ್ಯರು ಬಂದರು. "ಏನು ಕುಡೀತು?"

"ಕೂಲೆಂಟು ಸಾರ್."

"ಹಸೂಗೆ ಕೂಲೆಂಟ್ ಎಲ್ಲಿ ಸಿಕ್ತು?"

"ವಾಷಿಂಗ್ ಮಿಷನ್ನಲ್ಲಿ ಸಾರ್."

ಡಾಕ್ಟರು ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿದರು. ಒಂದೆರಡು ಗುಟುಕು ಹೋಗಿರಬಹುದು, ಪೂರ್ತಿ ಕುಡಿದಿದ್ದರೆ ಕಿಡ್ನಿ ಹೋಗಿ ತಾಯಿ, ಕರು ಎರಡೂ ಉಳಿಯುತ್ತಿರಲಿಲ್ಲ ಎಂದರು. ಔಷಧಿ ಕೊಟ್ಟು, ಮೆಲುಕು ಹಾಕುವ ತನಕ ಕಣ್ಣು ತೆಗೆಯಬೇಡಿ ಎಂದು ಹೇಳಿ ಹೋದರು. ಅಡುಗೆಯಿಲ್ಲ, ಊಟವಿಲ್ಲ. ಮೂವರೂ ಕೊಟ್ಟಿಗೆಯಲ್ಲಿ ಕೂತು ಒಂದು ಹಸುವಿನ ದವಡೆಯನ್ನೇ ನೋಡಿದೆವು.

ಸಂಜೆ ಹೊತ್ತಿಗೆ ಕೆಂಪಿ ಮೆಲುಕು ಹಾಕಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಯಾವೂರೋನದೋ ಮಾತು ಕೇಳಿ ಮಿಷನ್ನಿಗೆ ವಿಷ ಉಯ್ದ್ರಲ್ಲ, ಬಕೀಟ್ ಮುಟ್ಬೇಡ ಅಂತ ನಂಗೊಂದ್ ಮಾತು ಹೇಳಕ್ಕೆ ಏನಾಗಿತ್ತು?"

ಭಾವ ಎದ್ದು ಹೋಗಿ ಮಿಷನ್ನಿನ ಕಂಬಳಿ ತಂದು ಕೆಂಪಿಗೆ ಹೊದಿಸಿದರು.

ಭೂಮಿಯ ಆ ತುದಿಯ ಮಾತು ನಮ್ಮ ಶೆಡ್ಡಿನ ತನಕ ಬರುತ್ತದೆ. ಶೆಡ್ಡಿನ ಮಾತು ಅಡುಗೆಮನೆಗೆ ಹೋಗುವುದಕ್ಕೆ ಏನು ಕಷ್ಟ?