ಪರಬ್ರಹ್ಮಕ್ಕೆ ನಾಲ್ಕು ಕಚೌರಿ

ಎಲ್ಲೆಲ್ಲೂ ಇದೆ, ಹುಡುಕಿದರೆ ಸಿಗಲ್ಲ, ಹುಡುಕುವವನೇ ಅದು. ಏನದು? ಬಿಡಿ, ನಿಮಗೆ ಗೊತ್ತಾಗಲ್ಲ. ನಮ್ಮ ಪಕ್ಕದ ಮನೆಯ ಬ್ಯಾಂಕ್ ಅಂಕಲ್ ಅದನ್ನು ಪರಬ್ರಹ್ಮ ಅಂತಾರೆ. ಅವರಿಗೆ ಹುಬ್ಬಳ್ಳಿಗೆ ವರ್ಗ ಆಗಿತ್ತು, ಸಂಜೆಯೇ ರೈಲು.

“ಮೂರು ವರ್ಷ ಕಾಶಿಯಲ್ಲಿದ್ದೂ ಒಂದು ಕ್ಷಣವೂ ಅದರ ಅನುಭವ ಆಗಲಿಲ್ಲವಲ್ಲೋ!” ಎಂದು ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತು ಕಣ್ಣು ಒರೆಸಿಕೊಂಡರು. ಕೈಯಲ್ಲಿ ನಾಲ್ಕು ಬಿಸಿ ಕಚೌರಿಯ ದೊನ್ನೆ.

“ಕಣ್ಣು ಮುಚ್ಚಿ ಅಂಕಲ್. ನಾನು, ನೀನು ಅನ್ನೋದು ಕರಗೋವರೆಗೂ ತೆಗೀಬೇಡಿ. ದೊನ್ನೆ ನಾನು ಹಿಡ್ಕೋತೀನಿ.”

ಅವರು ಕಣ್ಣು ತೆಗೆದಾಗ ದೊನ್ನೆ ಖಾಲಿ.

“ಕಚೌರಿ ಎಲ್ಲೋ?”

“ನಾನೂ ನೀವೂ ಒಂದೇ ಅಲ್ವಾ? ನೀವೇ ತಿಂದ್ರಿ.”

ಅಂಕಲ್ ಜೋರಾಗಿ ನಕ್ಕು, “ಅನುಭವ ಆಯ್ತು ಕಣೋ!” ಎಂದು ನನ್ನನ್ನು ತಬ್ಬಿಕೊಂಡರು.

ಈ ಕೊನೆ ನಾನು ಕಟ್ಟಿದ್ದು. ನಿಜವಾಗಿ ಅವರು ನನ್ನ ಕಿವಿ ಹಿಂಡಿದರು. ನೋವು ನನ್ನೊಬ್ಬನಿಗೇ ಆಯಿತು.